ಮೂರು ಕರೆಯ ನಿಯಮ

ನಿಯಮ ಮಾಡಿದವನು ಮರ್ವಿನ್ ಟಲ್ಕ್ ತಾನೇ. ದೂರೋಣವೆಂದರೆ ಇನ್ನೊಬ್ಬರಿರಲಿಲ್ಲ.

ವಾರಂಬಿಲ್ ಪಟ್ಟಣದ ಗ್ರಂಥಾಲಯ ವರ್ಷಕ್ಕೊಮ್ಮೆ ಊರಿನ ಸಂಘಸಂಸ್ಥೆಗಳ ಕೈಪಿಡಿ ತರುತ್ತಿತ್ತು. ಅದರಲ್ಲಿ ಹೆಸರಿದ್ದರೆ ಪುರಸಭೆಯ ಸವಲತ್ತೆಲ್ಲ ಉಂಟು. ಇಲ್ಲದಿದ್ದರೆ ಆ ಸಂಸ್ಥೆ ಹುಟ್ಟಿಯೇ ಇಲ್ಲವೆಂದು ಲೆಕ್ಕ. ಕಳೆದ ವರ್ಷ, ಮುಚ್ಚಿ ಒಂಬತ್ತು ವರ್ಷವಾಗಿದ್ದ ಪಾರಿವಾಳ ಸಾಕುವವರ ಸಂಘವೂ ಅಚ್ಚಾಗಿ ನಗೆಪಾಟಲಾಗಿತ್ತು. ಅದಕ್ಕೇ ಮರ್ವಿನ್ ಬರೆದುಕೊಟ್ಟ: ಮೂರು ಸಲ ಫೋನ್ ಮಾಡುವುದು, ಮನುಷ್ಯರ ದನಿ ಕೇಳದಿದ್ದರೆ ಹೆಸರು ಹೊಡೆದುಹಾಕುವುದು. ಪುರಸಭೆ ಮೆಚ್ಚಿ ಠರಾವು ಮಾಡಿ, ಗುಮಾಸ್ತ ಪಿಮ್ಮನಿಗೂ ಒಂದು ಪ್ರತಿ ಕೊಟ್ಟಿತು. ಪಿಮ್ ಠರಾವಿನ ಅಕ್ಷರ ದಾಟದ ಆಸಾಮಿ. ಉಪ್ಪು ಕೇಳಿದರೆ ಹೆಂಡತಿಯಿಂದಲೂ ಅರ್ಜಿ ತೆಗೆದುಕೊಳ್ಳುತ್ತಾನೆಂದು ಪ್ರತೀತಿ.

"ಇವತ್ತು ಐದಕ್ಕೆ ಅಚ್ಚಿಗೆ. ಒಂದೇ ಒಂದು ತಕರಾರು ಬರಬಾರ್ದು ನೋಡು," ಎಂದಳು ಗ್ರಂಥಪಾಲಕಿ ನೊರೀನ್, ಪುರಸಭೆಗೆ ಹೊರಡುತ್ತ. "ಸೋಮವಾರದಿಂದ ನಿನ್ನ ಕೆಲಸ ಖಾಯಂ."

ಆರು ವರ್ಷದಿಂದ 'ತಾತ್ಕಾಲಿಕ' ಎಂಬ ಬಿಲ್ಲೆ ಎದೆಗೆ ಚುಚ್ಚಿಕೊಂಡಿದ್ದ ಮರ್ವಿನ್‌ಗೆ ಕಣ್ಣು ಮಂಜಾಯಿತು. ಗ್ರಂಥಾಲಯದ ಒಂದೇ ಒಂದು ಫೋನನ್ನು ಮುಂದಕ್ಕೆಳೆದುಕೊಂಡು, ಸರಿಯಾಗಿ ಹತ್ತಕ್ಕೆ, ಅನುಮಾನದ ಹದಿನಾಲ್ಕು ಸಂಘಗಳಿಗೆ ಡಯಲ್ ತಿರುಗಿಸಲು ಕುಳಿತ.

ಹತ್ತಕ್ಕೆ ವಾರಂಬಿಲ್ ಟೀ ಕುಡಿಯುತ್ತದೆ. ಹಲ್ಲಿನ ಡಾಕ್ಟರು ಕೂಡ ರೋಗಿಯ ಬಾಯಿ ತೆರೆದಿರುವಂತೆಯೇ ಬಿಟ್ಟು ಎದ್ದುಹೋಗುವ ಹೊತ್ತು ಅದು. ಉತ್ಸಾಹದಲ್ಲಿ ಮರ್ವಿನ್ ಅದನ್ನು ಮರೆತ. ಹದಿಮೂರು ಸಂಘಗಳಲ್ಲಿ ಫೋನು ಮೂರು ಮೂರು ಸಲ ಅನಾಥ ಮಗುವಿನಂತೆ ಅತ್ತು ಸುಮ್ಮನಾಯಿತು. ಕೆಂಪು ಶಾಯಿಯಲ್ಲಿ ಹದಿಮೂರು ಗೆರೆ ಬಿದ್ದವು.

ಹದಿನಾಲ್ಕನೆಯದು ಟ್ರಾಮ್ ಪ್ರೇಮಿಗಳ ಸಂಘ. ವಾರಂಬಿಲ್‌ನಲ್ಲಿ ಟ್ರಾಮ್ ಎಂದೂ ಓಡಿದ್ದಿಲ್ಲ. ಸಂಘಕ್ಕೆ ಇರುವವನೂ ಒಬ್ಬನೇ, ಮುದುಕ ಅರ್ನ್ ಗಿಲ್ಬಿ. ಫೋನು ಪೂರ್ತಿ ಒಂದು ಸಲ ಬಡಿಯುವ ಮೊದಲೇ ಎತ್ತಿದ.

"ಟ್ರಾಮ್ ಸಂಘ! ಏಳು ವರ್ಷದಿಂದ ಕಾಯ್ತಿದೀನಿ ಕಣಪ್ಪಾ, ಯಾರಾದ್ರೂ ಫೋನ್ ಮಾಡ್ತಾರೆ ಅಂತ!"

"ಇದೀರಲ್ಲ ಸಾರ್, ಅಷ್ಟೇ ಬೇಕಿತ್ತು. ಇಡ್ತೀನಿ."

"ಇಡ್ಬೇಡ, ಇಡ್ಬೇಡ! ಮೊದಲು ಬ್ರೇಕಿನ ವಿಷಯ ಹೇಳಿಬಿಡ್ತೀನಿ."

ಬ್ರೇಕಾಯಿತು, ಗಂಟೆಯಾಯಿತು, ಸೀಟಿನ ಚರ್ಮವಾಯಿತು. ಮುದುಕನ ದನಿಯಲ್ಲಿ ಅಂಥ ಸಂತೋಷ. ಮರ್ವಿನ್‌ಗೆ ಇಡಲು ಕೈ ಬರಲಿಲ್ಲ. "ಉಚ್ಚೆಗೆ ಹೋಗಿ ಬಂದು ಮುಂದಿಂದು ಹೇಳ್ತೀನಿ," ಎಂದು ಮುದುಕನೇ ಇಟ್ಟಾಗ ಹನ್ನೆರಡು ಹೊಡೆದಿತ್ತು.

ಮರ್ವಿನ್ ಪಟ್ಟಿಯನ್ನು ಗಾಜಿನ ಬಾಗಿಲಿಗೆ ಅಂಟಿಸಿದ. ಗೋಂದು ಒಣಗುವಷ್ಟರಲ್ಲಿ ಶ್ರೀಮತಿ ಓಟ್ವೇ ಒಳನುಗ್ಗಿದಳು. ಕೌದಿ ಹೊಲಿಯುವವರ ಕೂಟದ ಅಧ್ಯಕ್ಷೆ. ಅದಕ್ಕಿಂತ ಹೆಚ್ಚಾಗಿ, ಮರ್ವಿನ್ ಬಾಡಿಗೆಗಿದ್ದ ಕೋಣೆಯ ಒಡತಿ.

"ನಾವು ಸತ್ತಿದೀವೇನೋ ಮರ್ವಿನ್?"

"ಫೋನ್ ಎತ್ತಲಿಲ್ಲ ಮೇಡಂ..."

"ಹತ್ತು ಗಂಟೆಗೆ ಯಾವ ಮರ್ಯಾದಸ್ಥರು ಫೋನ್ ಎತ್ತುತ್ತಾರೆ? ಟೀ ಹೊತ್ತು! ನಿಮ್ಮಮ್ಮ ಹೇಳಿಕೊಡ್ಲಿಲ್ವಾ?"

ಹಿಂದೆಯೇ, ಮುಖಕ್ಕೆಲ್ಲ ಮಸಿ ಮೆತ್ತಿಕೊಂಡ ಕ್ಲೈವ್ ಡರಂಟ್. ಸ್ವಯಂಸೇವಕ ಅಗ್ನಿಶಾಮಕ ದಳದ ನಾಯಕ.

"ನಮ್ಮ ಹೆಸರನ್ನೂ ಹೊಡೆದುಹಾಕಿದೀಯಾ? ಬೆಂಕಿ ಆರ್ಸೋಕೆ ಹೋಗಿದ್ವಿ ಕಣಯ್ಯಾ! ಫೋನ್ ಹತ್ರ ಕೂತಿದ್ರೆ ಊರು ಏನಾಗ್ಬೇಕಿತ್ತು?"

"ನಿಯಮ ಸಾರ್..."

"ಸರಿ. ನಿನ್ನ ಮನೆ ಹತ್ತಿಕೊಂಡಾಗ ಟ್ರಾಮ್ ಸಂಘಕ್ಕೇ ಫೋನ್ ಮಾಡು."

"ಅದು ನನ್ನ ಮನೆ ಕ್ಲೈವ್!" ಎಂದು ಶ್ರೀಮತಿ ಓಟ್ವೇ ಚೀರಿದಳು.

ಮೂರರ ಹೊತ್ತಿಗೆ ಹದಿಮೂರು ಸಂಘಗಳೂ ಮೇಜಿನ ಸುತ್ತ ನೆರೆದಿದ್ದವು, ಖಾಲಿ ಕೈಯಲ್ಲಲ್ಲ. ಕೆಲವರು ಕೇಕ್ ತಂದಿದ್ದರು, ಕೆಲವರು ಬೆದರಿಕೆ. ಬ್ಯಾಂಡಿನವರು ಎರಡನ್ನೂ ತಂದು ಜೊತೆಗೆ ಡೋಲನ್ನೂ ತಂದಿದ್ದರು. ಬಾಯಿತುಂಬ ಕೇಕಿದ್ದ ಮರ್ವಿನ್ ಹದಿಮೂರೂ ಹೆಸರುಗಳನ್ನು ಮತ್ತೆ ಬರೆದ. ತಕರಾರಿಲ್ಲ, ಕೆಲಸ ಖಾಯಂ! ಪಟ್ಟಿ ನಾಲ್ಕಕ್ಕೆ ಪುರಸಭೆ ಸೇರಿತು. ಶ್ರೀಮತಿ ಓಟ್ವೇ ಅವನ ಕೆನ್ನೆಯನ್ನೂ ಹಿಂಡಿ ಹೋದಳು.

ಐದಕ್ಕೆ ಐದು ನಿಮಿಷವಿರುವಾಗ ನೊರೀನ್ ಬಂದಳು. ಮುಖ ಸುಣ್ಣ ಬಳಿದ ಗೋಡೆಯಂತಿತ್ತು. ಪಿಮ್ಮನ ಮೊಹರು ಬಿದ್ದ ಪಟ್ಟಿಯನ್ನು ಮೇಜಿನ ಮೇಲಿಟ್ಟಳು. ಕೌದಿ ಕೂಟವಿತ್ತು. ಅಗ್ನಿಶಾಮಕ ದಳವಿತ್ತು. ಟ್ರಾಮ್ ಸಂಘವಂತೂ ದಪ್ಪಕ್ಷರದಲ್ಲಿತ್ತು. ಕೊನೆಯಲ್ಲಿ ಒಂದೇ ಒಂದು ಕೆಂಪು ಗೆರೆ.

ವಾರಂಬಿಲ್ ಗ್ರಂಥಾಲಯ: ಮೂರು ಕರೆ. ಹತ್ತೂಕಾಲು, ಹತ್ತೂಮುಕ್ಕಾಲು, ಹನ್ನೊಂದೂವರೆ. ಮೂರೂ ಸಲ ಎಂಗೇಜ್. ಮನುಷ್ಯರ ದನಿ ಇಲ್ಲ.

ಮರ್ವಿನ್‌ನ ಬಾಯಿ ಹಲ್ಲಿನ ಡಾಕ್ಟರ ರೋಗಿಯ ಬಾಯಿಯಂತೆ ತೆರೆದೇ ಇತ್ತು.

"ಬೇಡ್ಕೊಂಡೆ ಕಣೋ," ಎಂದಳು ನೊರೀನ್. "'ಎಂಥಾ ಒಳ್ಳೇ ನಿಯಮ, ನಿಮ್ಮ ಹುಡುಗನದೇ' ಅಂದ. ಪಟ್ಟಿಯಲ್ಲಿಲ್ಲದ ಸಂಸ್ಥೆಗೆ ಖಾಯಂ ಹುದ್ದೆ ಇಲ್ವಂತೆ. ನಿಂದೂ ಇಲ್ಲ. ಇಪ್ಪತ್ತು ವರ್ಷದ ನಂದೂ ಇಲ್ಲ."

ಅಷ್ಟರಲ್ಲಿ ಫೋನು ಬಡಿಯಿತು. ಇಬ್ಬರೂ ಅದನ್ನು ಹಾವನ್ನು ನೋಡಿದಂತೆ ನೋಡಿದರು.

"ಎತ್ತು ಮರ್ವಿನ್! ಪಿಮ್ ಇರ್ಬಹುದು. ಮನಸ್ಸು ಕರಗಿ ಇನ್ನೊಂದ್ಸಲ ಮಾಡ್ತಿರ್ಬಹುದು!"

ಮರ್ವಿನ್ ಹಾರಿ ಎತ್ತಿಕೊಂಡ. "ಗ್ರಂಥಾಲಯ! ಇದೀವಿ ಸಾರ್, ಬದುಕಿದೀವಿ!"

"ಸಂತೋಷ ಕಣಪ್ಪಾ," ಎಂದಿತು ಆ ಕಡೆಯ ದನಿ. "ಸೀಟಿನ ಚರ್ಮದ ತನಕ ಬಂದಿದ್ವಿ, ಅಲ್ವಾ?"