ಬಿಟ್‌ರೇಟಿನ ಪಂಕ್ತಿಭೇದ

ಗುಂಡ್ಲುಪೇಟೆಯ ನಮ್ಮ ಸೋದರಮಾವನಷ್ಟು ನ್ಯಾಯವಂತ ವಿಡಿಯೋಗ್ರಾಫರ್ ಇಡೀ ಜಿಲ್ಲೆಯಲ್ಲಿಲ್ಲ. ಅದಕ್ಕೇ ಅವನನ್ನು ಯಾರೂ ಎರಡನೇ ಸಲ ಕರೆಯುವುದಿಲ್ಲ! ಮದುವೆಮನೆಯಲ್ಲಿ ಯಾರ ಮೇಲೆ ಕ್ಯಾಮೆರಾ ಹಿಡಿದರೂ ಮನಸ್ಸಿನಲ್ಲೇ ಹತ್ತು ಎಣಿಸುತ್ತಾನೆ. ಗಂಡಿಗೂ ಹತ್ತು, ನೀರು ಬಡಿಸುವವರಿಗೂ ಹತ್ತು. ಸಂತೆಮರಹಳ್ಳಿಯ ಮದುವೆಯೊಂದರ ವಿಡಿಯೋ ನೋಡಿ ಹೆಣ್ಣಿನ ಅಪ್ಪ, "ತಾಳಿ ಕಟ್ಟಿದ್ದೇ ಇಲ್ವಲ್ಲಪ್ಪ ಇದ್ರಲ್ಲಿ?" ಅಂದರಂತೆ.

"ಅದ್ಕೂ ಹತ್ತು ಎಣ್ಸಿವ್ನಿ ಕಣಣ್ಣ. ಗಂಡು ಹನ್ನೊಂದ್ರಲ್ಲಿ ಕಟ್ಟುದ್ರೆ ನಾನೇನ್ ಮಾಡನ?"

ಇಂಥವನಿಗೆ ಈಚೆಗೆ ಬಿಟ್‌ರೇಟ್ ಗಂಟುಬಿತ್ತು. ನನ್ನ ಅಮ್ಮನ ಮದುವೆಯ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತಿತ್ತು. ತೀರಿಹೋದ ನಮ್ಮ ಅಜ್ಜಿ ವಿಡಿಯೋದಲ್ಲಿ ಇರುವುದು ಅದೊಂದರಲ್ಲೇ. ಸಾಯುವುದರೊಳಗೆ ಅವ್ವನ ಮುಖವನ್ನು ಟಿವಿಯಲ್ಲಿ ನೋಡಬೇಕೆಂದು ಅಮ್ಮ ಬೇಗೂರಿನಲ್ಲಿ ಹಟ ಹಿಡಿದು ಕೂತಿದ್ದಳು. ಅವಳ ಹಳೇ ಟಿವಿಯೋ, ಒಂದು ಪುಟಾಣಿ ಪೆನ್‌ಡ್ರೈವ್ ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ. ಮಾವ ಹೇಗೋ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದ. ಪೆನ್‌ಡ್ರೈವಿಗೆ ತುಂಬಹೋದರೆ, ಬಿಟ್‌ರೇಟ್ ಕಾನ್‌ಸ್ಟೆಂಟೋ ವೇರಿಯಬಲ್ಲೋ ಎಂದು ಕಂಪ್ಯೂಟರು ಕೇಳಿತು. ಚಾಮರಾಜನಗರದ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತೇನೆಂಬ ಒಂದೇ ಕಾರಣಕ್ಕೆ ನನ್ನನ್ನು ಕರೆಸಿಕೊಂಡ.

ನನಗೂ ಅರ್ಧಂಬರ್ಧ ಗೊತ್ತು. ಆದರೂ ಶುರುಮಾಡಿದೆ. "ಮಾವ, ಒಂದೊಂದು ಸೆಕೆಂಡಿನ ಚಿತ್ರಕ್ಕೆ ಎಷ್ಟು ಬಡಿಸ್ಬೇಕು ಅನ್ನೋದೇ ಬಿಟ್‌ರೇಟ್. ಕಾನ್‌ಸ್ಟೆಂಟ್ ಅಂದ್ರೆ ಎಲ್ಲಾ ಎಲೆಗೂ ಒಂದೇ ಸೌಟು. ವೇರಿಯಬಲ್ ಅಂದ್ರೆ ಕುಣಿಯೋರಿಗೆ ಜಾಸ್ತಿ, ಸುಮ್ನೆ ಕೂತೋರಿಗೆ ಕಮ್ಮಿ."

"ಪಂಕ್ತಿಭೇದ ಕಣಮ್ಮಿ ಅದು."

"ಸುಮ್ನೆ ಕೂತೋರಿಗೆ ಅಷ್ಟೇ ಸಾಕು ಮಾವ."

"ಸಾಕು ಅಂತ ಅವ್ರು ಅಂದ್ರಾ?"

ಯಾರಿಗೆ ಸಾಕು, ಯಾರಿಗೆ ಬೇಕು? ಸರಿ, ಕಾನ್‌ಸ್ಟೆಂಟೇ ಇರಲಿ ಎಂದರೆ ಇನ್ನೊಂದು ತಾಪತ್ರಯ. ಸೌಟು ಚಿಕ್ಕದಾದರೆ ಮೆರವಣಿಗೆಯಲ್ಲಿ ಮಾವ ಕುಣಿಯುವ ಭಾಗ ಚೌಕ ಚೌಕವಾಗಿ ಒಡೆಯುತ್ತದೆ. ದೊಡ್ಡದಾದರೆ ಪೆನ್‌ಡ್ರೈವಿನಲ್ಲಿ ಹಿಡಿಸುವುದಿಲ್ಲ. ಆ ಕುಣಿತವೋ ಮಾವನ ಪ್ರಾಣ. ಕ್ಯಾಸೆಟ್ ಓಡುತ್ತಿದ್ದ ಕಾಲದಲ್ಲಿ ಅಂಗಡಿಗೆ ಫೋಟೋ ತೆಗೆಸಲು ಬಂದವರೂ ಅದನ್ನು ನೋಡಿಯೇ ಹೋಗಬೇಕಿತ್ತು.

"ವೇರಿಯಬಲ್ ಮಾಡಿದ್ರೆ ಎಲ್ಲಾ ಹಿಡಿಸ್ತದೆ ಮಾವ," ಎಂದೆ.

ಮಾವ ವಿಡಿಯೋ ಓಡಿಸಿ ಒಂದು ಕಡೆ ನಿಲ್ಲಿಸಿದ. ಊಟದ ಸಾಲುಗಳ ಹಿಂದೆ, ಕಂಬಕ್ಕೆ ಒರಗಿ ಅಜ್ಜಿ ಕೂತಿದ್ದಳು. ಮತ್ತೆ ಓಡಿಸಿದ. ಅಜ್ಜಿ ಅಲುಗಾಡಲೇ ಇಲ್ಲ.

"ಎಲ್ರೂ ಉಂಡೆದ್ಮೇಲೆ ಉಣ್ಣೋಳು. ಪಾಯ್ಸ ಮಿಕ್ಕುದ್ರೆ ಉಂಟು, ಇಲ್ದಿದ್ರೆ ಇಲ್ಲ. ಸುಮ್ನೆ ಕೂತವ್ಳೆ ಅಂತ ಇದ್ರಲ್ಲೂ ಕಮ್ಮಿ ಬಡಿಸ್ಬುಡನಾ?"

ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ ಎನ್ನಲು ಹೊರಟವಳು ಕಾನ್‌ಸ್ಟೆಂಟ್ ಎಂದಿದ್ದ ಕಡೆ ಒತ್ತಿದೆ.

"ದೊಡ್ಡ ಸೌಟೇ ಆಕು," ಎಂದ ಮಾವ. "ಜಾಗ ಸಾಲ್ದಿದ್ರೆ ನನ್ ಕುಣಿತ ತೆಗ್ದಾಕ್ಬುಡು."

ಬೇಗೂರಿನಲ್ಲಿ ಅಮ್ಮ ಟಿವಿಗೆ ಮೂಗು ತಾಗಿಸುವಷ್ಟು ಹತ್ತಿರ ಕೂತು ನೋಡಿದಳು. ಮೆರವಣಿಗೆ ಸರಕ್ಕನೆ ಮುಗಿದದ್ದು ಕಂಡು ತಮ್ಮನ ಕಡೆ ತಿರುಗಿದಳು. "ಎಲ್ಲೋಯ್ತಲಾ ನಿನ್ ಕುಣಿತ?"

"ಆ ಪಂಕ್ತಿ ಎದ್ದೋಯ್ತು ಕಣಕ್ಕ," ಎಂದ ಮಾವ. "ಈಗ ಅವ್ವ ಉಣ್ಲಿ ಬುಡು."