ಓದಬೇಕು ಅಂತ ಇಟ್ಟಿದ್ದು

ಓದದ ಪುಸ್ತಕ ತಾನಾಯಿತು ತನ್ನ ಪಾಡಾಯಿತು ಅಂತ ಮೂಲೆಯಲ್ಲಿ ಕೂತಿರುತ್ತೆ ಅಂದುಕೊಂಡಿದ್ದೆ. ಹಾಗೇನಿಲ್ಲ. ಆಗಾಗ ಎದ್ದು ನನ್ನ ಮಾನ ಕಳೆಯುತ್ತಲೇ ಇರುತ್ತೆ, ಅದೂ ಮನಸ್ಸು ಕೆಟ್ಟಿರೋ ದಿನವನ್ನೇ ನೋಡಿಕೊಂಡು. ನಾನು ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತನಾದವನು. ರಿಟೈರ್ ಆದಮೇಲೆ ಓದ್ತೀನಿ ಅಂತ ಕಾದಂಬರಿ, ಚರಿತ್ರೆ, ಹಳೇ ಕಾಮಿಕ್ಸು, ಸಿಕ್ಕಿದ್ದೆಲ್ಲ ತಂದು ಕೂಡಿಹಾಕಿದೆ. ರಿಟೈರ್ ಆಗಿ ಆರು ವರ್ಷವಾಯಿತು. ರಾಶಿ ಏರಿದೆ, ನಾನು ಇಳಿದಿದೀನಿ.

ಬಿರುಕು

ಬಸವೇಶ್ವರನಗರದಲ್ಲಿ ನಮ್ಮದು ಬಾಡಿಗೆ ಮನೆ, ಮೊದಲನೇ ಮಹಡಿ. ಕೆಳಗೆ ಓನರ್. ಈ ಬಡಾವಣೆಯೆಲ್ಲ ರಾಗಿ ಹೊಲವಾಗಿದ್ದಾಗಿನಿಂದ ಇಲ್ಲೇ ಇರೋ ಮನೆತನ. ಒಂದು ಮಳೆಗಾಲ ಅವರ ಹಾಲ್‌ನ ಚಾವಣಿಯಲ್ಲಿ ಬಿರುಕು ಕಾಣಿಸಿತು. ಅದರ ನೇರ ಮೇಲೆ ನನ್ನ ಪುಸ್ತಕದ ಕೋಣೆ. ಎಂಜಿನಿಯರನ್ನು ಕರಕೊಂಡು ಮೇಲೆ ಬಂದರು. ಮನೆ ಖಾಲಿ ಮಾಡಿ ಅಂದರೆ ಈ ವಯಸ್ಸಿನಲ್ಲಿ ಇಷ್ಟನ್ನು ಹೊತ್ತುಕೊಂಡು ಎಲ್ಲಿಗೆ ಹೋಗೋದು?

ಸೂರು ಮುಟ್ಟಿದ್ದ ರಾಶಿ ನೋಡಿ ಎಂಜಿನಿಯರ್, "ಸಾರ್, ಇಷ್ಟೂ ಓದಿದೀರಾ?" ಅಂದರು.

"ಇಲ್ಲ, ಇದು ಓದಬೇಕಾಗಿರೋದು. ಓದಿರೋದು ಆ ಬೀರುವಲ್ಲಿದೆ" ಅಂದೆ.

ಬೀರು ಸಣ್ಣದು. ಇಬ್ಬರೂ ಅದನ್ನೊಂದು ಸಲ, ರಾಶಿಯನ್ನೊಂದು ಸಲ ನೋಡಿದರು. ಓನರ್ ಯೋಚನೆಗೆ ಬಿದ್ದರು. ಆಮೇಲೆ ಎಂಜಿನಿಯರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಅಲ್ಲಾ ಸಾರ್, ಮೇಷ್ಟ್ರು ಇದನ್ನೆಲ್ಲ ಓದಿಬಿಟ್ರೆ ತೂಕ ಏನಾದ್ರೂ ಕಮ್ಮಿ ಆಗುತ್ತಾ?"

ಕಣ್ಣು

ಬಿರುಕಿಗೆ ಕಾರಣ ಗೋಡೆಯೊಳಗೆ ಸೋರುತ್ತಿದ್ದ ಪೈಪು ಅಂತ ಗೊತ್ತಾಗಿ ಮನೆ ಉಳಿಯಿತು. ಆಮೇಲೆ ಕಣ್ಣು ಕೈಕೊಡೋಕೆ ಶುರುವಾಯಿತು. ಸಾಲಿನ ಕೊನೆಯ ಅಕ್ಷರ ಕಾಣ್ತಿರಲಿಲ್ಲ. ರಾಜಾಜಿನಗರದ ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿ, "ಕಣ್ಣೊಳಗಿನ ಒತ್ತಡ ಜಾಸ್ತಿ ಇದೆ. ಹೋಗಿರೋ ದೃಷ್ಟಿ ವಾಪಸ್ ಬರಲ್ಲ, ಇರೋದನ್ನ ಕಾಪಾಡ್ಕೋಬೇಕು" ಅಂದರು.

ಮನೆಯ ರಾಶಿ ಒಂದೇ ಸಲ ಕಣ್ಣ ಮುಂದೆ ಬಂತು. ಯಾವುದನ್ನು ಮೊದಲು ಓದಲಿ, ಯಾವುದನ್ನು ಬಿಡಲಿ?

"ದಿನಕ್ಕೆ ಎಷ್ಟು ಹೊತ್ತು ಓದ್ತೀರಾ?" ಡಾಕ್ಟರಮ್ಮ ಕೇಳಿದರು.

ನಾಲ್ಕು ಗಂಟೆ ಅನ್ನೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ನನ್ನ ಹೆಂಡತಿ, "ಇವರೆಲ್ಲಿ ಓದ್ತಾರೆ ಡಾಕ್ಟ್ರೇ! ತಂದು ಜೋಡಿಸ್ತಾರೆ ಅಷ್ಟೇ" ಅಂದಳು.

ಡಾಕ್ಟರಮ್ಮನ ಮುಖ ಅರಳಿತು. "ಹಾಗಾದ್ರೆ ಭಯ ಬೇಡ ಸಾರ್. ಜೋಡಿಸೋಕೆ ಈ ಕಣ್ಣು ಧಾರಾಳ ಸಾಕು."

ಕಾಗೆ

ಅಮ್ಮ ತೀರಿಕೊಂಡಿದ್ದು ಅದರ ಮುಂದಿನ ಬೇಸಿಗೆ. ನನ್ನ ರಾಶಿ ಕಂಡರೆ ಅಮ್ಮನಿಗೆ ಆಗ್ತಿರಲಿಲ್ಲ. "ನಾನು ಕಣ್ಣು ಮುಚ್ಚೋದ್ರೊಳಗೆ ಇದಕ್ಕೊಂದು ಗತಿ ಕಾಣಿಸೋ" ಅಂತ ದಿನಾ ಅನ್ನೋರು. ಕಾಣಿಸಲಿಲ್ಲ.

ಕರ್ಮದ ದಿನ ಪಿಂಡ ತಂದು ತಾರಸಿ ಗೋಡೆಯ ಮೇಲಿಟ್ಟೆವು. ಕಾಗೆ ಬರಲಿಲ್ಲ. ಗಂಟೆ ಕಳೆಯಿತು, ಬಿಸಿಲು ಏರಿತು. ಪುರೋಹಿತರು ಮೆಟ್ಟಿಲ ಕೋಣೆಯ ನೆರಳಲ್ಲಿ ಕೂತರು. ನೆಂಟರಿಗೆ ಜಾಗ ಬೇಕು ಅಂತ ನನ್ನ ಕಾಮಿಕ್ಸ್ ಕಟ್ಟುಗಳನ್ನು ಅಲ್ಲಿಗೇ ಸಾಗಿಸಿದ್ದೆ.

ಅಮ್ಮನ ತಂಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಏನೋ ಆಸೆ ಉಳಿದಿದೆ ಕಣೋ ಅವಳಿಗೆ. ನಡೆಸಿಕೊಡ್ತೀನಿ ಅಂತ ಮಾತು ಕೊಡು" ಅಂದರು.

ಏನು ಆಸೆ ಅಂತ ನನಗೆ ಗೊತ್ತಿತ್ತು. ಕೈ ಮುಗಿದೆ. "ಅಮ್ಮಾ, ಆ ರಾಶಿ ಖಾಲಿ ಮಾಡ್ತೀನಿ."

ದೇವರಾಣೆ, ಎಲ್ಲಿತ್ತೋ ಏನೋ, ಕಾಗೆ ಬಂದು ಗೋಡೆ ಮೇಲೆ ಕೂತುಬಿಟ್ಟಿತು. ಎಲ್ಲರೂ ಗೊಳೋ ಅಂತ ಅತ್ತರು. ನಾನು ಅಳುತ್ತಲೇ ಕೂಗಿದೆ: "ಸ್ವಾಮಿ, ಬಂತು! ಕಾಗೆ ಬಂತು!"

ಪುರೋಹಿತರು ಮಡಿಲಲ್ಲಿದ್ದ ಕಾಮಿಕ್ಸಿನಿಂದ ತಲೆ ಎತ್ತಲಿಲ್ಲ. "ಸ್ವಲ್ಪ ಇರಕ್ಕೆ ಹೇಳಿ, ಎರಡೇ ಪುಟ ಇದೆ."

ದಪ್ಪ ಕಾದಂಬರಿ

ನನಗೊಬ್ಬ ಗೆಳೆಯ ಇದ್ದ. ಪೀಣ್ಯದ ಕಾರ್ಖಾನೆಯಲ್ಲಿ ಫೋರ್ಮನ್ ಆಗಿದ್ದು ನಿವೃತ್ತನಾದವನು, ಲಗ್ಗೆರೆಯಲ್ಲಿ ಮನೆ. ಭಾನುವಾರ ಬೆಳಿಗ್ಗೆ ಇಬ್ಬರೂ ದರ್ಶಿನಿಯಲ್ಲಿ ನಿಂತು ಕಾಫಿ ಕುಡೀತಾ ಪುಸ್ತಕದ ಮಾತಾಡ್ತಿದ್ದೆವು. ಒಂದು ಸಲ ಸಾವಿರ ಪುಟದ ಕಾದಂಬರಿಯೊಂದು ಬಂತು. ಇಬ್ಬರೂ ಒಂದೇ ದಿನ ಕೊಂಡೆವು. ಮುಂದಿನ ಭಾನುವಾರ ಅವನು, "ಏನ್ ಗುರು, ಓದಿದ್ಯಾ? ನಾಯಕನ್ನ ಸಾಯಿಸಬಾರದಿತ್ತು ಕಣೋ" ಅಂದ.

ನಾನು ಪುಸ್ತಕದ ಬೆನ್ನಿನ ಮೇಲಿದ್ದ ನಾಲ್ಕು ಸಾಲು ಬಿಟ್ಟರೆ ಏನೂ ಓದಿರಲಿಲ್ಲ. ಇಲ್ಲ ಅನ್ನೋಕೆ ನಾಚಿಕೆ. "ಸಾಯಲೇಬೇಕಿತ್ತು. ಅದೇ ಅಲ್ವಾ ಕಥೆ?" ಅಂದೆ.

ಅಲ್ಲಿಂದ ಜಗಳ. ಒಂದು ವರ್ಷ ನಡೀತು. ಅವನು ನಾಯಕನ ಹೆಂಡತಿಯ ಪರ, ನಾನು ತಮ್ಮನ ಪರ. ತಮ್ಮ ಅಂತ ಒಬ್ಬ ಇದ್ದಾನೋ ಇಲ್ಲವೋ ನನಗೆ ತಿಳಿಯದು. ಅವನು ಇಲ್ಲ ಅನ್ನಲಿಲ್ಲ, ಹಾಗಾಗಿ ಇರಬೇಕು ಅಂದುಕೊಂಡೆ. ಪ್ರತಿ ವಾರ ಮನೆಗೆ ಬಂದು, ಈ ವಾರ ಓದೇಬಿಡಬೇಕು, ಇಲ್ಲದಿದ್ದರೆ ಸಿಕ್ಕಿಬೀಳ್ತೀನಿ ಅಂದುಕೊಳ್ಳೋದು. ಓದ್ತಿರಲಿಲ್ಲ.

ಒಂದು ಮಂಗಳವಾರ ಅವನ ಎದೆಬಡಿತ ನಿಂತುಹೋಯಿತು. ಇನ್ನು ಸಿಕ್ಕಿಬೀಳೋ ಭಯವಿಲ್ಲ ಅನ್ನೋ ಯೋಚನೆ ಒಂದು ಕ್ಷಣ ಬಂತು. ಅದಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ತಿಂಗಳಾದಮೇಲೆ ಅವನ ಹೆಂಡತಿ ಕರೆಸಿದರು. ಕಣ್ಣು ಊದಿತ್ತು. ಆ ದಪ್ಪ ಕಾದಂಬರಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದಿಟ್ಟರು.

"ಕೊನೇ ತನಕ ಇದರ ಮಾತೇ ಆಡೋರು ಅಣ್ಣ. ಭಾನುವಾರ ಬಂದ್ರೆ ಮೇಷ್ಟ್ರನ್ನ ಹೇಗೆ ಸೋಲಿಸ್ತೀನಿ ನೋಡು ಅನ್ನೋರು. ನೀವೇ ಇಟ್ಕೊಳ್ಳಿ."

ತಗೊಂಡೆ. ಕೈಗೆ ನುಣುಪಾಗಿ ತಾಗಿತು. ಅಂಗಡಿಯಿಂದ ಬಂದಾಗ ಇದ್ದ ಪ್ಲಾಸ್ಟಿಕ್ ಹೊದಿಕೆ ಹಾಗೇ ಬಿಗಿಯಾಗಿ ಕೂತಿತ್ತು, ಒಂದು ಮೂಲೆಯೂ ಹರಿದಿರಲಿಲ್ಲ.

ಅವರು ಅದರ ಮೇಲೆ ಕೈಯಾಡಿಸಿ, "ಅಷ್ಟು ಸಲ ಓದಿದ್ರೂ ಎಷ್ಟು ಜೋಪಾನವಾಗಿ ಇಟ್ಟಿದ್ರು ನೋಡಿ, ಕವರ್ ಕೂಡ ತೆಗೆದಿಲ್ಲ. ನಿಮ್ಮದು ಇಷ್ಟು ಹೊತ್ತಿಗೆ ಓದಿ ಓದಿ ಹರಿದೇ ಹೋಗಿರಬೇಕು, ಅಲ್ವಾ?" ಅಂದರು.

ನಗು ಬಂತೋ ಅಳು ಬಂತೋ, ಎರಡನ್ನೂ ನುಂಗಿಕೊಂಡೆ.

"ಇಲ್ಲಮ್ಮ," ಅಂದೆ. "ನಾನೂ ಅವನಷ್ಟೇ ಜೋಪಾನವಾಗಿ ಓದಿದೀನಿ."