ಎತ್ತಿ ನೋಡಿದರೆ ತಿಳಿಯುವ ಪೇಟೆಂಟ್

ಶಿವಮೊಗ್ಗದಲ್ಲಿ ಪೇಟೆಂಟ್ ಅರ್ಜಿ ಬರೆದುಕೊಡುವ ಕೆಲಸ ನನ್ನದು. ಒಂದು ದಿನವಾದರೂ ನೆಮ್ಮದಿಯಾಗಿ ಕಾಫಿ ಕುಡಿದು ಮುಗಿಸಿದ್ದು ನೆನಪಿಲ್ಲ. ಲೋಟ ತುಟಿಗಿಡುವ ಹೊತ್ತಿಗೆ ಯಾರಾದರೂ ಹೊಸದೊಂದನ್ನು ಕಂಡುಹಿಡಿದು ಮೆಟ್ಟಿಲು ಹತ್ತಿರುತ್ತಾರೆ. ಅವರಲ್ಲಿ ನನ್ನನ್ನು ಹೆಚ್ಚು ಓಡಾಡಿಸಿದವರು ಭದ್ರಾವತಿ ನ್ಯೂ ಟೌನಿನ ಒಬ್ಬ ನಿವೃತ್ತ ಇಂಜಿನಿಯರು.

ಯಂತ್ರ ಬೇಕಂತೆ

ಶೇರು ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಎಂದು ತಾನೇ ತೀರ್ಮಾನಿಸುವ ಪ್ರೋಗ್ರಾಂ ಬರೆದು ತಂದಿದ್ದರು.

"ಪೇಟೆಂಟ್ ಆಗ್ಲೇಬೇಕು ಮಾರಾಯ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದೆ. ಸರ್ಕಾರದ ಮುದ್ರೆ, ನನ್ನ ಹೆಸರು ಎರಡೂ ಇರೋ ಒಂದು ಕಾಗದ ಗೋಡೆ ಮೇಲೆ ನೋಡ್ಬೇಕು."

"ಬರೀ ಪ್ರೋಗ್ರಾಂಗೆ ಕೊಡಲ್ಲ ಸಾರ್. ವ್ಯಾಪಾರದ ಉಪಾಯಕ್ಕೂ ಕೊಡಲ್ಲ. ಯಂತ್ರ ಕೆಲಸ ಮಾಡೋ ರೀತಿಯಲ್ಲೇ ಏನಾದ್ರೂ ಹೊಸದಿರಬೇಕು."

ಇಷ್ಟರಲ್ಲಿ ಅವರ ಕಿವಿಗೆ ಬಿದ್ದದ್ದು ಯಂತ್ರ ಎನ್ನುವ ಪದ ಒಂದೇ. ಎಂಟು ದಿನಕ್ಕೆ ಮಾಚೇನಹಳ್ಳಿಯ ವೆಲ್ಡಿಂಗ್ ಶೆಡ್ಡಿನಿಂದ ಲಗೇಜ್ ಆಟೋ ಬಂತು. ಅವರೂ ಒಬ್ಬ ವೆಲ್ಡರ್ರೂ ಏದುಸಿರು ಬಿಡುತ್ತ ದೊಡ್ಡ ಕಬ್ಬಿಣದ ಡಬ್ಬವನ್ನು ನನ್ನ ಮೇಜಿನ ಮೇಲಿಟ್ಟರು. ಮೇಜು ಕಿರುಗುಟ್ಟಿತು. ಮುಚ್ಚಳ ತೆಗೆದರೆ ಒಳಗೆ ಒಂದು ಸಣ್ಣ ಲ್ಯಾಪ್‌ಟಾಪ್.

"ಇಷ್ಟು ಭಾರ ಯಾಕೆ ಸಾರ್?"

"ನಾಳೆ ಯಾರಾದ್ರೂ ಇದು ಬರೀ ಪ್ರೋಗ್ರಾಂ ಅಂದ್ರೆ, ಎತ್ತಿ ನೋಡ್ಲಿ!"

ಗುಟ್ಟು

ಮೊದಲೇ ಊರಿಗೆ ಗೊತ್ತಾದದ್ದಕ್ಕೆ ಪೇಟೆಂಟ್ ಸಿಗುವುದಿಲ್ಲ, ಅರ್ಜಿ ಹಾಕುವವರೆಗೆ ಯಾರ ಮುಂದೆಯೂ ಬಾಯಿ ಬಿಡಬೇಡಿ ಎಂದು ಕೈಮುಗಿದು ಹೇಳಿದ್ದೆ. ದಿನಕ್ಕೆ ಮೂರು ಸಲ ಫೋನು ಮಾಡಿ, "ಹೆಂಡತಿಗೂ ಹೇಳಿಲ್ಲ ಮಾರಾಯ" ಎನ್ನುತ್ತಿದ್ದರು. ನನಗೂ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಅದೇ ವಾರ ಭದ್ರಾವತಿಗೆ ಹೋದವನು ಗಡ್ಡ ತೆಗೆಸಲು ನ್ಯೂ ಟೌನಿನ ಕಟಿಂಗ್ ಶಾಪಿಗೆ ಹೊಕ್ಕೆ. ಒಂದು ಕೆನ್ನೆ ಮುಗಿಸಿದ ಅಂಗಡಿಯವನು ಕಿವಿಯ ಹತ್ತಿರ ಬಗ್ಗಿದ.

"ಶೇರಿನ ಮೂರು ದಿನದ ಸರಾಸರಿ ಬೆಲೆ ಹತ್ತು ದಿನದ್ದನ್ನ ದಾಟಿದ್ರೆ ಡಬ್ಬ ತಾನೇ ಕೊಂಡುಕೊಳ್ಳುತ್ತಂತೆ ಸಾರ್. ಯಾರಿಗೂ ಹೇಳ್ಬೇಡಿ. ಪೇಟೆಂಟ್ ಆಗೋವರೆಗೆ ಗುಟ್ಟಾಗಿರ್ಬೇಕಂತೆ."

ಆ ಅರ್ಜಿಯನ್ನು ನಾನು ಒಂದೇ ಕೆನ್ನೆಯ ಗಡ್ಡದಲ್ಲಿ ಸಲ್ಲಿಸಿದೆ.

ವಿಚಾರಣೆ

ಎರಡು ವರ್ಷ ಕಾಯಿಸಿದ ಮೇಲೆ ವಿಡಿಯೋದಲ್ಲಿ ವಿಚಾರಣೆ ನಿಗದಿಯಾಯಿತು. ಇಂಜಿನಿಯರು ಕೋಟು ಹಾಕಿ ನನ್ನ ಆಫೀಸಿಗೆ ಬಂದರು. ಡಬ್ಬ ಎತ್ತಲು ವೆಲ್ಡರ್ರೂ ಬಂದ.

ಪೇಟೆಂಟ್ ಕಚೇರಿಯ ಅಧಿಕಾರಿ ಮೇಡಂ ಪ್ರೋಗ್ರಾಂ ವಿಷಯ ಎರಡೇ ಮಾತಿನಲ್ಲಿ ಮುಗಿಸಿದರು: ಲೆಕ್ಕ ಹಳೆಯದು, ಉಪಾಯ ವ್ಯಾಪಾರದ್ದು. ಇಂಜಿನಿಯರ ಮುಖ ಬಾಡಿತು. ಅಷ್ಟರಲ್ಲಿ ಮೇಡಂ ಅರ್ಜಿಯಲ್ಲಿದ್ದ ಡಬ್ಬದ ಚಿತ್ರ ನೋಡುತ್ತ ಕೇಳಿದರು:

"ಬಿಸಿ ಹೊರಗೆ ಹೋಗೋಕೆ ಮುಚ್ಚಳದಲ್ಲಿ ತೂತು ಕೊರೆದಿದ್ದೀರಲ್ಲ, ಇದು ನಿಮ್ಮ ಯೋಚನೆನಾ?"

ಹೂಂ ಅನ್ನಿ ಎಂದು ಮೇಜಿನ ಕೆಳಗೆ ಅವರ ಕಾಲು ತುಳಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡರು.

"ಇಲ್ಲ ಮೇಡಂ. ಅದು ಇವನದ್ದು" ಎಂದು ವೆಲ್ಡರನ್ನು ಕ್ಯಾಮೆರಾ ಮುಂದೆ ಎಳೆದರು. ನನಗೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

"ನಂದೆಲ್ಲಿ ಬಂತು ಮೇಡಂ, ನಮ್ಮನೆ ಇಡ್ಲಿ ಪಾತ್ರೆ ನೋಡಿ ಹೊಡೆದಿದ್ದು" ಎಂದ ಅವನು. "ನಿಮ್ಮನೇಲೂ ಇರುತ್ತೆ ನೋಡಿ."

"ಇದೆ" ಎಂದರು ಮೇಡಂ.

ಗೋಡೆ

ಅರ್ಜಿ ತಿರಸ್ಕರಿಸಿದ ಆದೇಶ ಬಂತು. ಅದನ್ನು ಕೊಟ್ಟಾಗ ಇಂಜಿನಿಯರು ಮಡಚದೆ ಒಯ್ದರು. ಆಮೇಲೆ ಫೋನೂ ಇಲ್ಲ. ದಿನಕ್ಕೆ ಮೂರು ಸಲ ಫೋನು ಬಂದಾಗಲೂ ನನಗೆ ಅಷ್ಟು ಕಸಿವಿಸಿಯಾಗಿರಲಿಲ್ಲ. ತಡೆಯಲಾರದೆ ನ್ಯೂ ಟೌನಿಗೆ ಹೋದವನು, ಅವರ ಮನೆಗೆ ಹೋಗಲು ಧೈರ್ಯ ಸಾಲದೆ ಕಟಿಂಗ್ ಶಾಪಿಗೆ ಹೋದೆ.

ಕನ್ನಡಿಯ ಮೇಲಿನ ಗೋಡೆಯಲ್ಲಿ, ಕಬ್ಬಿಣದ ಫ್ರೇಮಿನಲ್ಲಿ ಅದೇ ಆದೇಶ! ಮೇಲೆ ಸರ್ಕಾರದ ಮುದ್ರೆ, ಕೆಳಗೆ ಅವರ ಪೂರ್ತಿ ಹೆಸರು. ತಿರಸ್ಕರಿಸಲಾಗಿದೆ ಎನ್ನುವ ಕೊನೆಯ ಸಾಲಿನ ಮೇಲೆ ಸರಿಯಾಗಿ ಫ್ರೇಮಿನ ಪಟ್ಟಿ ಕೂತಿತ್ತು. ವೆಲ್ಡರನ ಅಳತೆ ತಪ್ಪುವುದುಂಟೇ?

"ನಮ್ಮ ಸಾರ್‌ಗೆ ಪೇಟೆಂಟ್ ಬಂತು" ಎಂದ ಅಂಗಡಿಯವನು.

"ನಿಜವಾಗ್ಲೂ?" ಎಂದೆ.

ಅವನಿಗೆ ಬೇಸರವಾಯಿತು. ಸ್ಟೂಲು ಹತ್ತಿ ಫ್ರೇಮು ಇಳಿಸಿ ನನ್ನ ಕೈಗೆ ಕೊಟ್ಟ. ನನ್ನ ತೋಳು ಜಗ್ಗಿತು.

"ನೀವೇ ಎತ್ತಿ ನೋಡಿ ಸಾರ್. ಸುಳ್ಳಾಗಿದ್ರೆ ಇಷ್ಟು ಭಾರ ಇರ್ತಿತ್ತಾ?"